ಎಂಜಿನ್ ಬದಲಾವಣೆಯ ಬೆಲೆ

ಹಳೆಯ ಕಾರಿಗೆ ಬೇರೊಂದು ಎಂಜಿನ್ ಕೂಡಿಸಲು ಎಷ್ಟು ಹಣ ಬೇಕು ಎಂಬ ಪ್ರಶ್ನೆಗೆ ವರ್ಕ್‌ಶಾಪಿನವರು ಮೊದಲ ದಿನ ಕೊಡುವ ಉತ್ತರವೂ ತಿಂಗಳ ಬಳಿಕ ಕೊಡುವ ಉತ್ತರವೂ ಒಂದೇ ಆಗಿರುವುದಿಲ್ಲ. ನಮ್ಮ ತಂದೆಯವರ ಅಂಬಾಸಿಡರ್ ಕಾರಿನ ವಿಷಯದಲ್ಲಿ ಆ ಮೊತ್ತ 95,000 ರೂಪಾಯಿಯಿಂದ ಆರಂಭವಾಗಿ, ಒಂದು ಬೋಲ್ಟನ್ನೂ ಬಿಚ್ಚುವ ಮೊದಲೇ ಕಾಗದದ ಮೇಲೆ 1,80,000 ರೂಪಾಯಿಯನ್ನು ದಾಟಿತ್ತು. ಈ ಅಂತರ ಎಲ್ಲಿಂದ ಬಂತು ಎಂಬುದನ್ನು ತಿಳಿಯಲು ಹೊರಟ ನನಗೆ, ತರಗತಿಯಲ್ಲಿ ಗ್ರಂಥಸಂಪಾದನೆಯ ಪಾಠ ಮಾಡುವಾಗ ಎದುರಾಗುವ ಕೆಲವು ಪ್ರಶ್ನೆಗಳೇ ಅಲ್ಲಿಯೂ ಎದುರಾದವು. ಆ ಕಾರಣಕ್ಕಾಗಿ ಇದನ್ನು ಇಲ್ಲಿ ಬರೆಯುತ್ತಿದ್ದೇನೆ.

ತಂದೆಯವರು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ವೈದ್ಯರಾಗಿದ್ದರು. 1968ರಲ್ಲಿ ನೋಂದಣಿಯಾದ ಮಾರ್ಕ್ 2 ಅಂಬಾಸಿಡರಿನಲ್ಲಿಯೇ ಅವರು ಸುತ್ತಲಿನ ಹಳ್ಳಿಗಳ ರೋಗಿಗಳನ್ನು ಕಂಡುಬರುತ್ತಿದ್ದರು. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ ಕಾಲದ ಕಾರಾದುದರಿಂದ ಅದರ ಸಂಖ್ಯಾಫಲಕ ಇಂದಿಗೂ ಎಂ.ವೈ. ಎಂದೇ ಆರಂಭವಾಗುತ್ತದೆ. ಅವರ ಕಾಲಾನಂತರ ಕಾರು ಸಕಲೇಶಪುರದ ಬಳಿ ತೋಟ ನೋಡಿಕೊಳ್ಳುತ್ತಿರುವ ಅಣ್ಣನ ಶೆಡ್ಡು ಸೇರಿತು. ದಾಖಲೆ ಅಣ್ಣನ ಹೆಸರಿನಲ್ಲಿದೆ. ದುರಸ್ತಿಯ ಖರ್ಚು ಮಾತ್ರ ಇಬ್ಬರದೂ ಸಮಪಾಲು ಎಂದು ತಾಯಿಯವರೇ ತೀರ್ಮಾನಿಸಿದ್ದರು. ಮೂರು ವರ್ಷಗಳ ಹಿಂದೆ ಎಂಜಿನ್ ನೀಲಿ ಹೊಗೆ ಕಾರತೊಡಗಿತು. ಸಿಲಿಂಡರುಗಳು ಸವೆದು ಆಯಿಲ್ ಮೇಲೇರುತ್ತಿದೆ ಎಂದು ಮೇಸ್ತ್ರಿ ಹೇಳಿದರು.

ಮಂಗಳೂರಿನಲ್ಲಿರುವ ಮಗಳ ಮನೆಗೆ ಶಿರಾಡಿ ಘಾಟಿಯ ಮೂಲಕ ಅದೇ ಕಾರಿನಲ್ಲಿ ಹೋಗಿಬರಬೇಕೆಂಬುದು ಅಣ್ಣನ ಆಸೆ. ಗುಜರಿಗೆ ಬಂದ ಅಂಬಾಸಿಡರೊಂದರ ಇಸುಜು 1800 ಪೆಟ್ರೋಲ್ ಎಂಜಿನನ್ನು ತಂದು ಕೂಡಿಸಿಬಿಡೋಣ ಎಂದು ಅವನು ಹೇಳಿದ. "ನಿಂತಲ್ಲೇ ನಿಂತ್ಕೊಂಡಿರೋದು ಅಪ್ಪನ ಕಾರು ಹೇಗಾಗುತ್ತೋ? ಅವರು ಅದನ್ನ ಒಂದು ದಿನ ನಿಲ್ಲಿಸಿದವರಲ್ಲ" ಎಂಬ ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ; ಇಂದಿಗೂ ಅದು ತಳ್ಳಿಹಾಕುವಂತಹ ಮಾತೆಂದು ನನಗೆ ಅನ್ನಿಸಿಲ್ಲ.

ವರ್ಕ್‌ಶಾಪಿನ ಮೊದಲ ಅಂದಾಜಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸಿಗೆ 55,000, ಉಳಿದದ್ದು ಕೂಲಿ. ಎರಡೂ ಅಂಬಾಸಿಡರೇ ಆದುದರಿಂದ ಹೆಚ್ಚು ಕೆಲಸವಿಲ್ಲವೆಂದು ಅವರ ಲೆಕ್ಕಾಚಾರ. ಆದರೆ ಒಂದೇ ಹೆಸರಿನ ಎರಡು ಕಾರುಗಳ ನಡುವೆ ಮೂವತ್ತು ವರ್ಷಗಳ ಅಂತರವಿತ್ತು. ನಮ್ಮ ಕಾರಿನ ಗೇರ್ ಕೋಲು ಸ್ಟಿಯರಿಂಗಿನ ಕೆಳಗಿದೆ. ಇಸುಜುವಿನ ಐದು ಗೇರುಗಳ ಪೆಟ್ಟಿಗೆಗೆ ಕೋಲು ನೆಲದಿಂದ ಮೇಲೆ ಬರಬೇಕು. ಎಂದರೆ ನೆಲದ ತಗಡನ್ನು ಕತ್ತರಿಸಬೇಕು. ಕತ್ತರಿಸಿದರೆ ಮುಂದಿನ ಉದ್ದನೆಯ ಸೀಟು ಹೋಗಿ ಎರಡು ಬಿಡಿ ಸೀಟುಗಳು ಬರಬೇಕು. ಬಾಲ್ಯದಲ್ಲಿ ಆ ಸೀಟಿನ ನಡುವೆ, ತಂದೆಯವರ ಔಷಧದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವ ಹಕ್ಕು ನನ್ನದಾಗಿತ್ತು. ಆ ಜಾಗವೇ ಇಲ್ಲವಾಗುತ್ತಿತ್ತು. ಗೇರ್‌ಬಾಕ್ಸಿನ ಉದ್ದ ಬೇರೆಯಾದುದರಿಂದ ಪ್ರೊಪೆಲ್ಲರ್ ಶಾಫ್ಟನ್ನು ಲೇತಿನಲ್ಲಿ ಕತ್ತರಿಸಿ, ಬೆಸೆದು, ಬ್ಯಾಲೆನ್ಸ್ ಮಾಡಿಸಬೇಕು. ಎಂಜಿನ್ ಕೂರುವ ಮೌಂಟುಗಳನ್ನು ಹೊಸದಾಗಿ ಮಾಡಬೇಕು. ರೇಡಿಯೇಟರ್ ಸಾಲದು. ಹಳೆಯ ಡೈನಮೋ ಹೋಗಿ ಆಲ್ಟರ್ನೇಟರ್ ಬರುವುದರಿಂದ ವೈರಿಂಗಿನ ಒಂದು ಭಾಗವೂ ಬದಲಾಗಬೇಕು. ಕೊನೆಯದಾಗಿ ಬ್ರೇಕು: ಸುಮಾರು 50 ಅಶ್ವಶಕ್ತಿಯ 1489 ಸಿಸಿ ಎಂಜಿನ್ನಿಗೆ ಹೊಂದಿಸಿದ ನಾಲ್ಕು ಡ್ರಮ್ ಬ್ರೇಕುಗಳು ಘಾಟಿಯ ಇಳಿಜಾರಿನಲ್ಲಿ 1817 ಸಿಸಿ ಎಂಜಿನ್ನಿನ ವೇಗವನ್ನು ತಡೆಯಬೇಕಾಗುತ್ತದೆ. ಮುಂದಿನ ಚಕ್ರಗಳಿಗಾದರೂ ಡಿಸ್ಕ್ ಹಾಕಿಸದಿದ್ದರೆ ಕೆಲಸ ವಹಿಸಿಕೊಳ್ಳುವುದಿಲ್ಲ ಎಂದು ಮೇಸ್ತ್ರಿಯೇ ಹೇಳಿದರು. ಅವರ ಈ ಮಾತಿನ ಮೇಲೆ ನನಗೆ ಗೌರವ ಮೂಡಿತು. ಇಡೀ ಲೆಕ್ಕದಲ್ಲಿ ಎಂಜಿನ್ನಿನ ಬೆಲೆ ಮೂರನೆಯ ಒಂದು ಭಾಗವೂ ಆಗಲಿಲ್ಲ.

ಈ ಲೆಕ್ಕಕ್ಕೆ ಬಾರದ ಇನ್ನೊಂದು ವೆಚ್ಚವಿದೆ, ಅದು ದಾಖಲೆಯದು. ಎಂಜಿನ್ನಿನ ಮೈಮೇಲೆ ಕೊರೆದ ಸಂಖ್ಯೆ ಆರ್‌ಸಿಯಲ್ಲಿ ನಮೂದಾಗಿರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿಯಲ್ಲಿರುವ ವಿವರಕ್ಕೂ ವಾಹನಕ್ಕೂ ತಾಳೆಯಾಗದಂತಹ ಮಾರ್ಪಾಟನ್ನು ಮಾಲೀಕರು ತಮ್ಮಷ್ಟಕ್ಕೆ ಮಾಡುವಂತಿಲ್ಲ. ಗುಜರಿಯ ಎಂಜಿನ್ ಯಾವ ಕಾರಿನದು, ಕಳವಿನ ಮಾಲಲ್ಲ ಎಂಬುದಕ್ಕೆ ಕಾಗದ ಬೇಕು. ವಿಮಾ ಕಂಪನಿಗೂ ತಿಳಿಸಬೇಕು; ತಿಳಿಸದೆ ಅಪಘಾತವಾದರೆ ತಕರಾರಿಗೆ ಅವರಿಗೊಂದು ಕಾರಣ ಸಿಕ್ಕಂತೆ. "ಯಾರು ಸರ್ ಬಾನೆಟ್ ಎತ್ತಿ ನೋಡ್ತಾರೆ?" ಎಂದು ವರ್ಕ್‌ಶಾಪಿನ ಹುಡುಗನೊಬ್ಬ ನಕ್ಕ. ನೋಡುತ್ತಾರೆ. ಕಳೆದ ಸಲ ನವೀಕರಣದ ವೇಳೆ ಕೊರೆದ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುದನ್ನು ನಾನೇ ಕಂಡಿದ್ದೇನೆ. ಶಾಸನದ ಪಡಿಯಚ್ಚು ತೆಗೆಯುವುದನ್ನು ಬಲ್ಲವರಿಗೆ ಆ ಕ್ರಿಯೆ ಅಪರಿಚಿತವಾಗಿ ತೋರದು.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗಾಗಿ ತಂದ ನಿಯಮವೂ ಇಲ್ಲಿ ಸಂಗತ. ಮೊದಲ ನೋಂದಣಿಯಿಂದ 50 ವರ್ಷ ಕಳೆದ, ಮೂಲರೂಪದಲ್ಲಿಯೇ ಉಳಿದ, ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಟಾಗದ ವಾಹನಗಳಿಗೆ ಮಾತ್ರ ಆ ಮಾನ್ಯತೆ. ಹಾಗೆ ನೋಂದಾಯಿಸಿದ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲವಾದುದರಿಂದ ಅಣ್ಣನಿಗೆ ಅದರಲ್ಲಿ ಆಸಕ್ತಿಯಿಲ್ಲ. ಆದರೂ ಒಮ್ಮೆ ಎಂಜಿನ್ ಬದಲಾದರೆ ನಮ್ಮ ಮಕ್ಕಳಿಗೆ ಆ ದಾರಿ ಮುಚ್ಚಿಹೋದಂತೆಯೇ.

ಹಾಗೆಂದು ಮೂಲದ ಹೆಸರಿನಲ್ಲಿ ಅತಿಯಾದ ಭಾವುಕತೆಯೂ ಸಲ್ಲದು. ಅಂಬಾಸಿಡರಿನ ಚರಿತ್ರೆಯೇ ಎಂಜಿನ್ ಬದಲಾವಣೆಗಳ ಚರಿತ್ರೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯನ್ನು ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಈ ಕಾರಿಗೆ ಆರಂಭದಲ್ಲಿ ಸೈಡ್ ವಾಲ್ವ್ ಎಂಜಿನ್ ಇತ್ತು. 1959ರಲ್ಲಿ ಬಿಎಂಸಿಯ ಓವರ್‌ಹೆಡ್ ವಾಲ್ವ್ ಎಂಜಿನ್ ಬಂತು. ಇಂಗ್ಲೆಂಡಿನ ಎಂಜಿಎ ಸ್ಪೋರ್ಟ್ಸ್ ಕಾರಿನದೂ ಅದೇ ವಂಶ. ಮುಂದೆ ಡೀಸೆಲ್, 1990ರ ದಶಕದಲ್ಲಿ ಇಸುಜು. 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಹೊರಮೈ ಬಹುಮಟ್ಟಿಗೆ ಅದೇ ಉಳಿದು ಒಳಗಿನದು ಬದಲಾಗುತ್ತ ಬಂತು. ಇಸುಜು ಎಂಜಿನ್ ಅಂಬಾಸಿಡರಿಗೆ ಅನ್ಯವೆಂದು ಯಾರೂ ಹೇಳಲಾರರು. ಅದು ಅನ್ಯವಾಗುವುದು 1968ರ ಈ ಒಂದು ಕಾರಿಗೆ. ಒಂದು ಕೃತಿಯ ಪರಂಪರೆಯಲ್ಲಿ ಸ್ವೀಕೃತವಾದ ಪಾಠವೂ ನಿರ್ದಿಷ್ಟ ಹಸ್ತಪ್ರತಿಯೊಂದಕ್ಕೆ ಹೊರಗಿನದಾಗಿರಬಹುದು. ಪ್ರತಿಯ ವಿವರ ಕೊಡುವಾಗ ಈ ಎರಡನ್ನೂ ಬೆರೆಸಬಾರದೆಂದು ವಿದ್ಯಾರ್ಥಿಗಳಿಗೆ ಎಷ್ಟು ಹೇಳಿದರೂ ಸಾಲದು.

ಹಳೆಯ ಎಂಜಿನನ್ನೇ ಕಟ್ಟಿಸಿದರೆ ಎಷ್ಟಾಗುತ್ತದೆಂದು ಕೇಳಿದಾಗ 85,000 ಎಂಬ ಉತ್ತರ ಬಂತು. ಬಿಚ್ಚಿ ನೋಡಿದರೆ ತಂದೆಯವರ ಕಾಲದಲ್ಲಿಯೇ ಎರಡು ಸಲ ಬೋರ್ ಆಗಿತ್ತು. ಬೋರ್ ಮಾಡಿಸುವುದೆಂದರೆ ಸವೆದ ಸಿಲಿಂಡರನ್ನು ಅಂಗುಲದ ಸಾವಿರದ 20, 40, 60 ಭಾಗಗಳಷ್ಟು ಹಿಗ್ಗಿಸಿ ದಪ್ಪ ಪಿಸ್ಟನ್ ಹಾಕುವುದು. ನಮ್ಮದು 60ಕ್ಕೆ ಮುಟ್ಟಿತ್ತು. ಇನ್ನು ಹಿಗ್ಗಿಸಲು ಲೋಹವಿರಲಿಲ್ಲ. ನಾಲ್ಕೂ ಸಿಲಿಂಡರುಗಳಿಗೆ ಲೈನರ್ ಕೂರಿಸಿ ಮೂಲ ಅಳತೆಗೆ ತರಬೇಕಾಯಿತು. ಕ್ರ್ಯಾಂಕ್ ಶಾಫ್ಟ್ ಅರೆಸಿದ್ದಾಯಿತು, ಬೇರಿಂಗುಗಳು ಬಂದವು, ವಾಲ್ವುಗಳು ಬಂದವು. ಬೆಂಗಳೂರಿನ ಜೆ.ಸಿ. ರಸ್ತೆಗೆ ಅಣ್ಣ ಮೂರು ಸಲ ಹೋದ. ಒಟ್ಟು 1,04,000 ರೂಪಾಯಿ, ಐದು ತಿಂಗಳು.

ಇಷ್ಟೆಲ್ಲ ಹೊಸತಾದ ಮೇಲೆ ಮೂಲದ್ದೆಂದು ಉಳಿದದ್ದೇನು ಎಂದು ಅಣ್ಣ ಕುಟುಕಿದ. ಎರಕದ ಬ್ಲಾಕ್ ಉಳಿದಿದೆ, ಅದರ ಮೇಲಿನ ಸಂಖ್ಯೆ ಉಳಿದಿದೆ, ಎಲ್ಲಿ ಏನು ಹೊಸತು ಎಂಬುದು ಬಿಲ್ಲಿನಲ್ಲಿ ಸಾಲುಸಾಲಾಗಿ ಇದೆ ಎಂದೆ. ತ್ರುಟಿತ ಭಾಗವನ್ನು ಕಂಸದೊಳಗೆ ತುಂಬಿ, ತುಂಬಿದ್ದು ತಾನೆಂದು ಹೇಳುವ ಸಂಪಾದಕನಿಗೂ ಹೇಳದೆ ಬೇರೆ ಓಲೆ ಸೇರಿಸುವವನಿಗೂ ಇರುವ ವ್ಯತ್ಯಾಸವನ್ನು ಅವನಿಗೆ ವಿವರಿಸಲು ಹೊರಟೆ. ಅವನು ಅಷ್ಟರಲ್ಲಿ ಎದ್ದು ಕಾರಿನತ್ತ ಹೋಗಿದ್ದ.

ಹೊಸ ರಿಂಗುಗಳು ಕೂರುವ ತನಕ, ಮೊದಲ 1,000 ಕಿಲೋಮೀಟರು, ಗಂಟೆಗೆ 50ಕ್ಕಿಂತ ಹೆಚ್ಚು ಓಡಿಸಬಾರದೆಂಬುದು ಮೇಸ್ತ್ರಿಯ ಕಟ್ಟಪ್ಪಣೆ. ಅಣ್ಣ ಭಾನುವಾರಗಳಲ್ಲಿ ಸಕಲೇಶಪುರದಿಂದ ಹಾಸನಕ್ಕೆ ಬಂದುಹೋಗಿ ಲೆಕ್ಕ ತುಂಬಿಸುತ್ತಿದ್ದಾನೆ. ಇನ್ನೂ 380 ಬಾಕಿಯಿದೆ. ಬಂದವನು ಮೊದಲು ಹೇಳುವುದು, ದಾರಿಯಲ್ಲಿ ತನ್ನನ್ನು ಹಿಂದೆ ಹಾಕಿದ ಲಾರಿಗಳು ಎಷ್ಟು ಎಂಬುದನ್ನು.