ಎರಡು ತಲೆಯ ಹಕ್ಕಿ

ದೊಡ್ಡಮ್ಮನ ಪೆಟ್ಟಿಗೆಯಲ್ಲಿದ್ದ ಆ ದೊಡ್ಡ ನಾಣ್ಯವನ್ನು ನಮ್ಮ ಮನೆಯಲ್ಲಿ ಎಲ್ಲರೂ 'ಮೈಸೂರು ಅರಸರ ಬೆಳ್ಳಿ' ಎಂದೇ ಕರೆಯುತ್ತಿದ್ದರು. ಅದರ ಒಂದು ಮುಖದಲ್ಲಿ ಎರಡು ತಲೆಯ ಹಕ್ಕಿಯಿತ್ತು. ಸರ್ಕಾರಿ ಕಾಗದಗಳ ಮೇಲೆ ಗಂಡಭೇರುಂಡ ನೋಡುತ್ತ ಬೆಳೆದ ನಮಗೆ ಬೇರೆ ಯೋಚನೆ ಬರುವುದಾದರೂ ಹೇಗೆ? ಆದರೆ ನಾಣ್ಯದ ಇನ್ನೊಂದು ಮುಖದಲ್ಲಿ ತಲೆಗೆ ಮುಸುಕು ಹೊದ್ದ ದಪ್ಪನೆಯ ಹೆಂಗಸೊಬ್ಬಳಿದ್ದಳು. ಸುತ್ತಲೂ ರೋಮನ್ ಅಕ್ಷರಗಳು. ಹಕ್ಕಿಯ ಕಡೆ 1780 ಎಂಬ ಇಸವಿ. ಆಗ ಮೈಸೂರನ್ನು ಆಳುತ್ತಿದ್ದವನು ಹೈದರಾಲಿ.

ಕಳೆದ ವರ್ಷ ದೊಡ್ಡಮ್ಮನ ಎರಡನೇ ಕಣ್ಣಿಗೂ ಪೊರೆಯ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದಾಗ, ಆಕೆ ಯಾರ ಮುಂದೆಯೂ ಕೈಚಾಚುವುದಿಲ್ಲವೆಂದು ಹಟ ಹಿಡಿದು ಈ ನಾಣ್ಯವನ್ನು ನನ್ನ ಕೈಗಿಟ್ಟರು. "ಇನ್ನೂರು ವರ್ಷದ್ದು ಮಗಾ, ಲಕ್ಷ ಬರ್ತದೆ. ನೀನು ಓದಿದವ, ವಿಚಾರಿಸು" ಅಂದರು. ಅವರ ಅಪ್ಪ, ಅಂದರೆ ನನ್ನ ಅಜ್ಜ, ಯುದ್ಧದ ಕಾಲದಲ್ಲಿ ಮಂಗಳೂರಿನಿಂದ ಹಂಚು ಸಾಗಿಸುವ ಮಂಜಿಯಲ್ಲಿ ದುಡಿಯುತ್ತ ಏಡನ್‌ವರೆಗೆ ಹೋಗಿದ್ದರಂತೆ. ಅಲ್ಲಿ ಸಿಕ್ಕ ಕೂಲಿಯಲ್ಲಿ ಖರ್ಚಾಗದೆ ಉಳಿದದ್ದು ಇದೊಂದೇ.

ನನಗೆ ನಾಣ್ಯಗಳ ಗಂಧಗಾಳಿ ಇರಲಿಲ್ಲ. ಹೆಸರು ಹುಡುಕುವುದು ಮಾತ್ರ ಕಷ್ಟವಾಗಲಿಲ್ಲ. ಮುಸುಕಿನ ಹೆಂಗಸು ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ. 1765ರಲ್ಲಿ ಗಂಡ ತೀರಿಕೊಂಡ ಮೇಲೆ ಕೊನೆಯವರೆಗೂ ವಿಧವೆಯ ಉಡುಪಿನಲ್ಲೇ ಇದ್ದವಳು. ಹಕ್ಕಿ ಹ್ಯಾಬ್ಸ್‌ಬರ್ಗ್ ಮನೆತನದ ಹದ್ದು. ನಾಣ್ಯದ ಹೆಸರು ಥೇಲರ್. ಅವಳ ಎದೆಯ ಕೆಳಗಿನ 'ಎಸ್.ಎಫ್.' ಎಂಬ ಅಕ್ಷರಗಳು ಗುಂಟ್ಸ್‌ಬುರ್ಗ್ ಟಂಕಸಾಲೆಯ ಶೋಬ್ಲ್ ಮತ್ತು ಫಾಬಿ ಎಂಬ ಇಬ್ಬರು ಅಧಿಕಾರಿಗಳ ಹೆಸರಿನ ಮೊದಲಕ್ಷರಗಳು.

ಮುಂದಿನದು ಪರೀಕ್ಷೆ. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ತರುತ್ತೇನೆಂದು ಹೊರಟಿದ್ದಳು, ತಡೆದೆ. ಹಳೆಯ ನಾಣ್ಯದ ಮೇಲಿನ ಕಪ್ಪು ಅದರ ಮೈಬಣ್ಣ, ತಿಕ್ಕಿದರೆ ಸಂಗ್ರಾಹಕರ ಪಾಲಿಗೆ ಬೆಲೆ ಇಳಿಯುತ್ತದೆ. ಪೇಟೆಯ ಅಕ್ಕಸಾಲಿಗರು ಒರೆಗಲ್ಲಿಗೆ ಕೈಹಾಕಿದಾಗಲೂ ಬೇಡವೆಂದೆ, ಗೀರು ಬಿದ್ದರೆ ಮತ್ತೆ ಹೋಗುವುದಿಲ್ಲ. ಅವರ ತಕ್ಕಡಿಯನ್ನಷ್ಟೇ ಕೇಳಿದೆ. ಈ ನಾಣ್ಯದ ನಿಗದಿತ ತೂಕ 28.07 ಗ್ರಾಂ, ಅದರಲ್ಲಿ ಸಾವಿರಕ್ಕೆ 833 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ನಮ್ಮದು 28.02 ತೂಗಿತು. ಅಯಸ್ಕಾಂತ ಅಂಟಲಿಲ್ಲ.

ಆಮೇಲೆ ಪಿಯುಸಿಯಲ್ಲಿ ಓದಿದ ಆರ್ಕಿಮಿಡೀಸ್ ನೆರವಿಗೆ ಬಂದ. ನೀರಿನ ಲೋಟವನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದಂತೆ ನೀರೊಳಗೆ ತೂಗುಬಿಟ್ಟೆ. ತಕ್ಕಡಿ 2.75 ತೋರಿಸಿತು. ಗಾಳಿಯಲ್ಲಿನ ತೂಕವನ್ನು ಇದರಿಂದ ಭಾಗಿಸಿದರೆ ಸುಮಾರು 10.2 ಬರುತ್ತದೆ. ಆ ಪ್ರಮಾಣದ ಬೆಳ್ಳಿ-ತಾಮ್ರದ ಸಾಂದ್ರತೆಯೂ ಅಷ್ಟೇ. ಅಂಚಿನಲ್ಲಿ ಎರಕ ಹೊಯ್ದ ಗೆರೆಯಿಲ್ಲ. ಬದಲಿಗೆ ಲ್ಯಾಟಿನ್ ಅಕ್ಷರಗಳಿವೆ: ಯುಸ್ಟಿಟಿಯಾ ಎಟ್ ಕ್ಲೆಮೆಂಟಿಯಾ. ನ್ಯಾಯ ಮತ್ತು ದಯೆ ಎಂದರ್ಥ.

ಹಾಗಾದರೆ ನಾಣ್ಯ ಅಸಲಿ. ಅಸಲಿ ಅಂದಮಾತ್ರಕ್ಕೆ ಹಳೆಯದೇ? ಈ ಪ್ರಶ್ನೆಗೆ ತಕ್ಕಡಿಯಲ್ಲಿ ಉತ್ತರವಿರಲಿಲ್ಲ. ಬೆಂಗಳೂರಿನ ನಾಣ್ಯ ಪ್ರದರ್ಶನವೊಂದರಲ್ಲಿ ಭೇಟಿಯಾದ ಹಿರಿಯ ಸಂಗ್ರಾಹಕರು ಅದನ್ನು ಭೂತಗನ್ನಡಿಯ ಕೆಳಗೆ ಬಹಳ ಹೊತ್ತು ನೋಡಿದರು. ರಾಣಿಯ ಎದೆಪದಕದ ಮುತ್ತುಗಳನ್ನೂ ಹದ್ದಿನ ಬಾಲದ ಗರಿಗಳನ್ನೂ ಎಣಿಸಿದರು. ಕೊನೆಗೆ, "ಬೆಳ್ಳಿ ಅಪ್ಪಟ, ಕೆಲಸ ಟಂಕಸಾಲೆಯದ್ದೇ. ಆದರೆ ಇದು ಇಪ್ಪತ್ತನೇ ಶತಮಾನದ್ದು" ಅಂದರು.

ಆಮೇಲೆ ಅವರು ಹೇಳಿದ ಕಥೆ ವಿಚಿತ್ರವಾಗಿತ್ತು. ಮರಿಯಾ ತೆರೇಸಾ ತೀರಿಕೊಂಡದ್ದು 1780ರ ನವೆಂಬರಿನಲ್ಲಿ. ಅಷ್ಟರಲ್ಲಿ ಅರಬರು ಕಾಫಿಗೂ ಇತರ ಸರಕಿಗೂ ಈ ನಾಣ್ಯವನ್ನೇ ಕೇಳುವಷ್ಟು ಅದನ್ನು ನಂಬಿಬಿಟ್ಟಿದ್ದರು. ಬೇರೆ ಮುಖದ ನಾಣ್ಯ ಕೊಟ್ಟರೆ ಒಲ್ಲೆ ಎನ್ನುತ್ತಿದ್ದರು. ಹಾಗಾಗಿ ರಾಣಿ ಸತ್ತ ಮೇಲೂ ಅದೇ ಮುಖ, ಅದೇ ಇಸವಿ ಇಟ್ಟು ಅಚ್ಚು ಹಾಕುತ್ತಲೇ ಹೋದರು. 1935ರಲ್ಲಿ ಇಥಿಯೋಪಿಯಾದ ಮೇಲೆ ಕಣ್ಣಿಟ್ಟಿದ್ದ ಮುಸೊಲಿನಿ ಆಸ್ಟ್ರಿಯಾದಿಂದ ಆ ಹಕ್ಕನ್ನು ಪಡೆದು ರೋಮಿನಲ್ಲಿ ಅಚ್ಚು ಹಾಕಿಸಿದ. ಅದಕ್ಕೆ ಎದುರಾಗಿ ಬ್ರಿಟಿಷರು ಲಂಡನ್ನಿನಲ್ಲೂ, ಮುಂದೆ 1940-41ರಲ್ಲಿ ನಮ್ಮ ಮುಂಬಯಿಯ ಟಂಕಸಾಲೆಯಲ್ಲೂ ಹಾಕಿಸಿದರು. ಎಲ್ಲದರ ಮೇಲೂ ಇಸವಿ 1780.

ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದವನೊಬ್ಬ ನನ್ನನ್ನು ಆಚೆ ಕರೆದ. "ಇದನ್ನೆಲ್ಲ ಬಾಯಿ ಬಿಡಬೇಡಿ. ಇಸವಿ ಮೇಲೆಯೇ ಇದೆಯಲ್ಲ, ನೀವು ಸುಳ್ಳು ಹೇಳಿದ ಹಾಗೇನೂ ಆಗೋದಿಲ್ಲ. ಹೊರದೇಶಕ್ಕೆ ಕಳಿಸಿದರೆ ಒಳ್ಳೆ ಬೆಲೆ" ಅಂದ. ಅವನ ಮಾತಿನಲ್ಲೇ ಒಂದು ತಮಾಷೆಯಿತ್ತು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಅವನು ಹೇಳುವಂತೆ ಅದು 1780ರದ್ದೇ ಆದರೆ ಕಳಿಸುವುದೇ ಅಪರಾಧ!

ನನಗೆ ಕಷ್ಟವಾದದ್ದು ಊರಿಗೆ ಬಂದು ದೊಡ್ಡಮ್ಮನಿಗೆ ಹೇಳುವುದು. ಲಕ್ಷ ಬರುವುದಿಲ್ಲ ಎಂಬುದನ್ನು ಅವರು ತಣ್ಣಗೆ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ದು ಬೇರೆಯೇ ಮಾತು. "ಹಾಗಾದ್ರೆ ಅಲ್ಲಿ ಯಾರೋ ಅಪ್ಪನಿಗೆ ಮೋಸ ಮಾಡಿದ್ದಾ? ಅಷ್ಟು ದಿವಸ ಸಮುದ್ರದ ಮೇಲೆ ದುಡಿದದ್ದಕ್ಕೆ ಕಳ್ಳ ನಾಣ್ಯ ಕೊಟ್ರಾ?"

ನಾನು ಓದಿದ್ದೆಲ್ಲ ಉಪಯೋಗಕ್ಕೆ ಬಂದದ್ದು ಆಗ. ಇಲ್ಲ ದೊಡ್ಡಮ್ಮ, ಅಂದೆ. ಏಡನ್ನಿನಲ್ಲಿ ಅಜ್ಜನ ಕೂಲಿಗೆ ಇದಕ್ಕಿಂತ ಗಟ್ಟಿ ಹಣ ಬೇರೆ ಇರಲಿಲ್ಲ. ಇಸವಿಯನ್ನು ಅಲ್ಲಿ ಯಾರೂ ಓದುತ್ತಿರಲಿಲ್ಲ. ಮುತ್ತು ಎಣಿಸುತ್ತಿದ್ದರು, ತೂಕ ನೋಡುತ್ತಿದ್ದರು. ಇದರೊಳಗೆ ಇರಬೇಕಾದ ಬೆಳ್ಳಿ ಇದೆ, ನಾನೇ ನೀರಿನಲ್ಲಿ ತೂಗಿ ನೋಡಿದ್ದೇನೆ. ಅಜ್ಜನಿಗೆ ಸಲ್ಲಬೇಕಾದದ್ದು ಪೂರ್ತಿ ಸಂದಿದೆ. ದೊಡ್ಡಮ್ಮ ನಾಣ್ಯವನ್ನು ಕೈಗೆ ತೆಗೆದುಕೊಂಡು, ಕಾಣುವ ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಅಷ್ಟಾದ್ರೆ ಸಾಕು. ಇನ್ನು ಮಾರು" ಅಂದರು.

ಕೊಂಡವರು ಪಶ್ಚಿಮ ಕರಾವಳಿಯ ಹಡಗು ವ್ಯಾಪಾರದ ವಸ್ತುಗಳನ್ನು ಕೂಡಿಡುವ ಒಬ್ಬ ನಿವೃತ್ತ ಮೇಷ್ಟ್ರು. ಬೆಳ್ಳಿಯ ದರಕ್ಕಿಂತ ಸ್ವಲ್ಪ ಮೇಲೆ ಕೊಟ್ಟರು. ಆಪರೇಷನ್ನಿಗೆ ಕಡಿಮೆ ಬಿದ್ದದ್ದನ್ನು, ದೊಡ್ಡಮ್ಮ ಬೈಯುತ್ತಿದ್ದರೂ, ನಾವು ಮೊಮ್ಮಕ್ಕಳೆಲ್ಲ ಸೇರಿ ತುಂಬಿದೆವು. ನಾಣ್ಯದ ಜೊತೆ ಒಂದು ಚೀಟಿ ಬೇಕೆಂದು ಮೇಷ್ಟ್ರು ಕೇಳಿದರು. ಹಾಳೆಯ ನಡುವೆ ಗೆರೆ ಎಳೆದು ಎಡಗಡೆ 'ಪರೀಕ್ಷಿಸಿದ್ದು' ಎಂದು ಬರೆದೆ: ತೂಕ, ಸಾಂದ್ರತೆ, ಇಪ್ಪತ್ತನೇ ಶತಮಾನದ ಮರುಅಚ್ಚು. ಬಲಗಡೆ 'ಮನೆಯವರು ಹೇಳಿದ್ದು' ಎಂದು ಬರೆದೆ: ಅಜ್ಜ, ಮಂಜಿ, ಏಡನ್, ಕೂಲಿ. ಮೇಷ್ಟ್ರು ಎಡಗಡೆಯದನ್ನು ಒಮ್ಮೆ ಓದಿದರು. ಬಲಗಡೆಯದನ್ನು ಎರಡು ಸಲ ಓದಿ, ಹಾಳೆಯನ್ನು ಮಡಚದೆ ಪುಸ್ತಕದೊಳಗೆ ಇಟ್ಟುಕೊಂಡರು.