ಅರಳುಮರಳಲ್ಲದ ಮರೆವು

‘ಅರವತ್ತಕ್ಕೆ ಅರಳುಮರಳು’ ಎಂಬುದು ನಮ್ಮಲ್ಲಿ ಬಹು ಹಳೆಯ ಮಾತು. ಹಿರಿಯರು ಕನ್ನಡಕವನ್ನು ಹಣೆಗೇರಿಸಿಕೊಂಡು ಮನೆಯೆಲ್ಲ ಹುಡುಕಿದರೆ ಈ ಮಾತನ್ನಾಡಿ ನಕ್ಕುಬಿಡುತ್ತೇವೆ. ಆದರೆ ಮರೆವಿಗೂ ಒಂದು ನಡಿಗೆಯುಂಟು. ವಯಸ್ಸಿನೊಡನೆ ಬರುವ ಮರೆವು ಎತ್ತಿನ ಗಾಡಿಯಂತೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ವಾರವಾರಕ್ಕೂ ಮನುಷ್ಯನನ್ನು ಕಳಚುತ್ತ ಹೋಗುವ ಮರೆವು ಬೇರೆಯೇ ಬಗೆಯದು. ಅದನ್ನು ಅರಳುಮರಳೆಂದು ಕೈಬಿಡಬಾರದೆಂಬುದೇ ನಾನು ಹೇಳಹೊರಟಿರುವ ಮಾತು.

ನನ್ನ ದೊಡ್ಡಪ್ಪ ಊರವರ ಲೆಕ್ಕಗಳನ್ನು ಬಾಯಲ್ಲೇ ಮಾಡಿ ಹೇಳುತ್ತಿದ್ದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ, ಹತ್ತಿಸಿದವರು ಅವರು. ಸಂಕ್ರಾಂತಿಯ ಹೊತ್ತಿಗೆ ಅವರಿಗೆ ಸ್ವಂತ ಹೊಲದ ದಾರಿಯೇ ತಪ್ಪಿತು. ಶಿವರಾತ್ರಿಯ ವೇಳೆಗೆ ನಡಿಗೆ ತೂರಾಡತೊಡಗಿತು. ಸಣ್ಣ ಸದ್ದಿಗೂ ಕೈಕಾಲುಗಳು ಬೆಚ್ಚಿ ಅದುರುತ್ತಿದ್ದವು. ಯುಗಾದಿಯಂದು ದೊಡ್ಡಮ್ಮನನ್ನೇ ನೋಡಿ, “ತಾಯಿ, ನೀವು ಯಾರ ಮನೆಯವರು?” ಎಂದು ಕೇಳಿದರು.

ಊರಿನಲ್ಲಿ ಮಾತು ಹುಟ್ಟಿತು: ಇದು ಮಾಟ! ಬೆರಳು ತಿರುಗಿದ್ದು ಮೂಲೆಮನೆಯ ಒಂಟಿ ಅಜ್ಜಿಯ ಕಡೆಗೆ. ಹಿಂದಿನ ವರ್ಷ ಬದುವಿನ ವಿಷಯದಲ್ಲಿ ಆಕೆಗೂ ನಮ್ಮ ಮನೆಯವರಿಗೂ ಜಗಳವಾಗಿತ್ತು. ಸಾಕ್ಷಿಗೆ ಅಷ್ಟೇ ಸಾಕಾಯಿತು. ಬೀದಿಯ ನಲ್ಲಿಯಲ್ಲಿ ಆಕೆಗೆ ನೀರು ಹಿಡಿಯಲು ಬಿಡದಾದರು.

ದೊಡ್ಡಪ್ಪನನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ಸಂಕ್ರಾಂತಿ, ಶಿವರಾತ್ರಿ, ಯುಗಾದಿ ಎಂದು ನಾನು ಹೇಳಿದ ಕ್ರಮವನ್ನೇ ವೈದ್ಯರು ಮೊದಲು ಬರೆದುಕೊಂಡರು. “ನೋಡಪ್ಪ, ಇಷ್ಟು ಬೇಗ ಬುದ್ಧಿ ಕುಂದಿದರೆ ಗುಣವಾಗುವ ಕಾರಣಗಳನ್ನು ಮೊದಲು ಹುಡುಕಬೇಕು” ಎಂದರು. ಬಿ-12 ಜೀವಸತ್ತ್ವದ ಕೊರತೆ, ಥೈರಾಯ್ಡ್ ದೋಷ, ಮಿದುಳಿನ ಸೋಂಕು, ದೇಹದ ರಕ್ಷಣಾ ಶಕ್ತಿಯೇ ಮಿದುಳಿನ ಮೇಲೆ ತಿರುಗಿ ಬೀಳುವುದು—ಇವಕ್ಕೆಲ್ಲ ಚಿಕಿತ್ಸೆಯುಂಟು. ಒಂದೊಂದನ್ನೂ ಪರೀಕ್ಷಿಸಿ ಬಿಟ್ಟರು. ಎಂ.ಆರ್.ಐ. ಚಿತ್ರದಲ್ಲಿ ಮಿದುಳಿನ ಅಂಚು ಬಿಳಿಯ ಪಟ್ಟಿಯಂತೆ ಹೊಳೆಯುತ್ತಿತ್ತು. ಬೆನ್ನುಹುರಿಯ ಸುತ್ತಣ ದ್ರವದ ಪರೀಕ್ಷೆಯೂ ಅದನ್ನೇ ಹೇಳಿತು. ಅದು ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ರೋಗ.

1920 ಮತ್ತು 1921ರಲ್ಲಿ ಇಬ್ಬರು ಜರ್ಮನ್ ವೈದ್ಯರು ವರ್ಣಿಸಿದ ಈ ರೋಗ ವರ್ಷಕ್ಕೆ 10 ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಇದಕ್ಕೆ ಕ್ರಿಮಿಯಿಲ್ಲ, ವೈರಾಣುವಿಲ್ಲ. ನಮ್ಮ ಮಿದುಳಿನದೇ ಒಂದು ಪ್ರೋಟೀನು ಮಡಿಕೆ ತಪ್ಪಿ, ಪಕ್ಕದ ಪ್ರೋಟೀನುಗಳನ್ನೂ ತನ್ನಂತೆಯೇ ಕೆಡಿಸುತ್ತ ಹೋಗುತ್ತದೆ. ಅದಕ್ಕೆ 1982ರಲ್ಲಿ ‘ಪ್ರಿಯಾನ್’ ಎಂದು ಹೆಸರಿಟ್ಟವರು ಸ್ಟಾನ್ಲಿ ಪ್ರೂಸಿನರ್. 1997ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಬಹುಪಾಲು ರೋಗಿಗಳಲ್ಲಿ ಇದು ಹೊರಗಿನ ಕಾರಣವಿಲ್ಲದೆಯೇ ತಲೆದೋರುತ್ತದೆ. ಮುಟ್ಟಿದರೆ, ಜೊತೆಗೆ ಕುಳಿತು ಉಂಡರೆ ಹರಡುವುದಿಲ್ಲ. ತಡೆಯುವ ಮದ್ದು ಮಾತ್ರ ಇನ್ನೂ ದೊರೆತಿಲ್ಲ.

ಮುಂದೆ ಈ ವಿಷಯವನ್ನು ಓದುವಾಗ ಪಪುವಾ ನ್ಯೂ ಗಿನಿಯ ಫೋರೆ ಜನರ ಕಥೆ ನನ್ನನ್ನು ಹಿಡಿದು ನಿಲ್ಲಿಸಿತು. ಅವರಲ್ಲಿ ‘ಕುರು’ ಎಂಬ ನಡುಕದ ರೋಗ, ಹೆಚ್ಚಾಗಿ ಹೆಂಗಸರು ಮಕ್ಕಳನ್ನು, ಬಲಿತೆಗೆದುಕೊಳ್ಳುತ್ತಿತ್ತು. ಅವರೂ ಅದನ್ನು ಮಾಟವೆಂದೇ ನಂಬಿದ್ದರು! 1957ರಲ್ಲಿ ಗೈಡುಷೆಕ್ ಮತ್ತು ಜಿಗಾಸ್ ಎಂಬ ವೈದ್ಯರು ಅದನ್ನು ಲೋಕಕ್ಕೆ ತಿಳಿಸಿದರು. ಸತ್ತ ಬಂಧುಗಳ ದೇಹವನ್ನು ಗೌರವದಿಂದ ಉಣ್ಣುವ ಪದ್ಧತಿಯಿಂದ ಅದು ಹರಡುತ್ತದೆಂಬುದನ್ನು, 1960ರ ದಶಕದಲ್ಲಿ, ಜನರೊಡನೆ ಬಾಳಿ ಅವರ ನೆನಪುಗಳನ್ನು ಕೇಳಿ ಹೊಂದಿಸಿ ತೋರಿದವರು ರಾಬರ್ಟ್ ಗ್ಲಾಸ್ ಮತ್ತು ಶರ್ಲಿ ಲಿಂಡನ್‌ಬಾಮ್; ಇಬ್ಬರೂ ಮಾನವಶಾಸ್ತ್ರಜ್ಞರು. ಕಲಾ ವಿಭಾಗದ ನಮ್ಮಂಥವರಿಗೆ ಇದು ಹೆಮ್ಮೆಯ ಮಾತಲ್ಲವೆ? ಪದ್ಧತಿ ನಿಂತಿತು, ಆಮೇಲೆ ಹುಟ್ಟಿದ ಮಕ್ಕಳಿಗೆ ಕುರು ಬರಲಿಲ್ಲ.

ಮದ್ದಿಲ್ಲದ ರೋಗದ ಹೆಸರು ತಿಳಿದು ಫಲವೇನೆಂದು ಗೆಳೆಯರು ಕೇಳಿದ್ದುಂಟು. ಆಷಾಢ ಮುಗಿಯುವ ಮುನ್ನವೇ ದೊಡ್ಡಪ್ಪ ತೀರಿಕೊಂಡರು. ಹೆಸರು ಅವರನ್ನು ಉಳಿಸಲಿಲ್ಲ. ಆದರೆ ಆಸ್ಪತ್ರೆಯ ಕಾಗದವನ್ನು ಅರಳಿಕಟ್ಟೆಯ ಮೇಲೆ ನಿಂತು ಕನ್ನಡದಲ್ಲಿ ಬಿಡಿಸಿ ಹೇಳಿದ ಮರುದಿನ, ದೊಡ್ಡಮ್ಮ ತಾನೇ ಹೋಗಿ ಮೂಲೆಮನೆಯ ಅಜ್ಜಿಯನ್ನು ಕೈಹಿಡಿದು ನಲ್ಲಿಗೆ ಕರೆತಂದರು. ಯಾರೂ ತಡೆಯಲಿಲ್ಲ.

ಮಿತ್ರರೆ, ನಿಮ್ಮ ಮನೆಯ ಹಿರಿಯರ ಮರೆವು ವಾರಗಳ ಲೆಕ್ಕದಲ್ಲಿ ಬೆಳೆದರೆ, ಜೊತೆಗೆ ನಡಿಗೆ ತಪ್ಪಿ ಮೈ ಬೆಚ್ಚತೊಡಗಿದರೆ, ದಿನಾಂಕಗಳನ್ನು ಬರೆದಿಟ್ಟುಕೊಂಡು ಕೂಡಲೆ ವೈದ್ಯರಲ್ಲಿಗೆ ಹೋಗಿ. ಗುಣವಾಗುವ ರೋಗವಾಗಿದ್ದರೆ ಒಂದು ಜೀವ ಉಳಿದೀತು. ಆಗದಿದ್ದರೂ ತಪ್ಪಿಲ್ಲದವರ ಮೇಲೆ ತಪ್ಪು ಹೊರಿಸುವುದಾದರೂ ತಪ್ಪೀತು.