ಎಮ್ಮೆದೊಡ್ಡಿಯ ದಾರಿಯಲ್ಲಿ ಕಾಂಕ್ರೀಟು ಕೊರೆಯುವವರು

ಕಡೂರಿನಿಂದ ಎಮ್ಮೆದೊಡ್ಡಿಯ ಕಡೆ ಹೊರಟರೆ ತೆಂಗಿನ ತೋಟಗಳ ಆಚೆ ಬಾಬಾಬುಡನ್‌ಗಿರಿಯ ಸಾಲು ಹತ್ತಿರವಾಗುತ್ತಾ ಬರುತ್ತದೆ. ನಾನು ಹೊರಟಿದ್ದು ಮದಗದ ಕೆರೆ ನೋಡಲು. ಆದರೆ ಇಳಿಜಾರಿನಲ್ಲಿ ಏಳುತ್ತಿದ್ದ ಒಂದು ಮನೆಯ ಪಾಯದಿಂದ ಬಂದ ಸದ್ದು ಅಲ್ಲೇ ನಿಲ್ಲಿಸಿತು. ಒಂಬತ್ತು ಇಂಚು ದಪ್ಪದ ಕಾಂಕ್ರೀಟು ಗೋಡೆ. ಬಚ್ಚಲ ನೀರಿನ ನಾಲ್ಕಿಂಚಿನ ಪೈಪು ಅದನ್ನು ದಾಟಿ ಹೊರಗೆ ಬರಬೇಕು. ಪೈಪಿನ ಹೊರಮೈ 110 ಮಿಲಿಮೀಟರ್. ತೂತು ಇನ್ನೂ ಸ್ವಲ್ಪ ದೊಡ್ಡದಿರಬೇಕು.

ಕೊರೆಯುತ್ತಿದ್ದವನು ಇಪ್ಪತ್ತರ ಆಸುಪಾಸಿನ ಹುಡುಗ. ಮೊದಲು ಡ್ರಿಲ್ ಯಂತ್ರಕ್ಕೆ ಉದ್ದನೆಯ ಸಣ್ಣ ಬಿಟ್ಟು ಸಿಕ್ಕಿಸಿ ನಡುವೆ ಒಂದು ತೂತು ಹಾಕಿದ. ಆಮೇಲೆ ಬಾಯಂಚಿಗೆ ಕಾರ್ಬೈಡ್ ಹಲ್ಲುಗಳಿರುವ ಬಟ್ಟಲಿನಾಕಾರದ ಬಿಟ್ಟು ಸಿಕ್ಕಿಸಿದ. ಅವನು ಯಂತ್ರದ ಮೇಲೆ ಮೈಭಾರ ಹಾಕಲೇ ಇಲ್ಲ, ನೇರವಾಗಿ ಹಿಡಿದುಕೊಂಡಿದ್ದ ಅಷ್ಟೇ. ಆದರೂ ಕಾಂಕ್ರೀಟು ಹಿಟ್ಟಾಗಿ ಉದುರುತ್ತಿತ್ತು!

ಇದರ ಒಳಗುಟ್ಟು ಗಾಳಿಯಲ್ಲಿದೆ. ಮೋಟಾರು ಒಂದು ಪಿಸ್ಟನ್ನನ್ನು ಹಿಂದೆ ಮುಂದೆ ಓಡಿಸುತ್ತದೆ. ಆ ಪಿಸ್ಟನ್ ಬಿಟ್ಟಿಗೆ ತಾಗುವುದೇ ಇಲ್ಲ. ಎದುರಿಗಿನ ಗಾಳಿಯನ್ನು ಅದು ಅದುಮುತ್ತದೆ. ಬಾಯಿ ಮುಚ್ಚಿದ ಸೈಕಲ್ ಪಂಪು ಕೈಯನ್ನು ಹಿಂದಕ್ಕೆ ತಳ್ಳುವಂತೆ ಆ ಗಾಳಿ ಮುಂದಿರುವ ಉಕ್ಕಿನ ತುಂಡನ್ನು ಎಸೆಯುತ್ತದೆ, ಏಟು ಬಿಟ್ಟಿಗೆ ಬೀಳುತ್ತದೆ. ದೊಡ್ಡ ಯಂತ್ರಗಳಲ್ಲಿ ಇಂಥ ಏಟು ನಿಮಿಷಕ್ಕೆ 2,000ಕ್ಕೂ ಮೇಲೆ. ಕಾಂಕ್ರೀಟು ಬಹಳ ಭಾರ ಹೇರಿದರೂ ತಾಳುತ್ತದೆ, ಆದರೆ ಚೂಪು ಏಟಿಗೆ ಸಿಡಿಯುತ್ತದೆ. ಪ್ರತಿ ಏಟಿನ ನಂತರ ಬಿಟ್ಟು ಕೊಂಚ ತಿರುಗಿ ಹೊಸ ಜಾಗಕ್ಕೆ ಹಲ್ಲಿಡುತ್ತದೆ. ಜರ್ಮನಿಯ ಬಾಷ್ ಕಂಪನಿ ವಿದ್ಯುತ್ ಸುತ್ತಿಗೆಯನ್ನು ಮಾರುಕಟ್ಟೆಗೆ ತಂದದ್ದು 1932ರಲ್ಲಿ. ಅದರ ವಂಶದ ಯಂತ್ರ ಇವತ್ತು ಈ ಗುಡ್ಡದ ತಪ್ಪಲಲ್ಲಿ ಹಾಡುತ್ತಿದೆ.

ಇದ್ದಕ್ಕಿದ್ದಂತೆ ಸದ್ದು ಬದಲಾಯಿತು. ಗೊರಗೊರ ಹೋಗಿ ಕಿಣಿಕಿಣಿ. ಹುಡುಗ ತಕ್ಷಣ ಗುಂಡಿ ಬಿಟ್ಟ. ‘ಕಂಬಿ ಸಿಕ್ತಣ್ಣ,’ ಅಂದ ಮೇಸ್ತ್ರಿಗೆ. ಏಟಿಗೆ ಕಾಂಕ್ರೀಟು ಪುಡಿಯಾದರೂ ಕಬ್ಬಿಣ ಬಗ್ಗುವುದಿಲ್ಲ. ಬಿಟ್ಟು ಸಿಕ್ಕಿಕೊಂಡರೆ ಯಂತ್ರವೇ ಕೈ ತಿರುಚುತ್ತದೆ. ಅದಕ್ಕೇ ಒಳಗೊಂದು ಜಾರುವ ಕ್ಲಚ್ ಇಟ್ಟಿರುತ್ತಾರೆ. ನೀರು ಬಿಟ್ಟುಕೊಂಡು ಕೊರೆಯುವ ವಜ್ರದ ಬಿಟ್ಟಾದರೆ ಕಂಬಿಯನ್ನೂ ಕತ್ತರಿಸುತ್ತದೆ. ಮೇಸ್ತ್ರಿ ಅದಕ್ಕೆ ಒಪ್ಪಲಿಲ್ಲ. ‘ಕಂಬಿ ಕಡದ್ರೆ ಗೋಡೆ ಬಲ ಹೋಯ್ತದೆ, ಪಕ್ಕಕ್ಕೆ ತಗೊ’ ಎಂದು ನಾಲ್ಕು ಬೆರಳು ಆಚೆ ಹೊಸ ಗುರುತು ಹಾಕಿಕೊಟ್ಟ. ಅವನ ಮಾತೇ ಸರಿ.

ಕೊನೆಯ ಒಂದಂಗುಲ ಉಳಿದಾಗ ಹುಡುಗ ಒತ್ತಡವನ್ನು ಇನ್ನೂ ಇಳಿಸಿದ. ಜೋರಾಗಿ ನುಗ್ಗಿದರೆ ಹಿಂಬದಿಯ ಕಾಂಕ್ರೀಟು ಚಕ್ಕೆಚಕ್ಕೆಯಾಗಿ ಕಿತ್ತುಬರುತ್ತದಂತೆ. ಬಿಟ್ಟು ಆಚೆ ಬಂತು. ಒಳಗೆ ಉಳಿದಿದ್ದ ಕಾಂಕ್ರೀಟಿನ ಉರುಳೆಯನ್ನು ಉಳಿಯಿಂದ ತಟ್ಟಿ ಬೀಳಿಸಿದ. ಅಂಚು ಎಲ್ಲೂ ಮುಕ್ಕಾಗಿರಲಿಲ್ಲ.

ಮದಗದ ಕೆರೆಯ ಏರಿಯ ಮೇಲೆ ನಿಂತಾಗಲೂ ನನ್ನ ಕಣ್ಣು ತೂಬನ್ನೇ ಹುಡುಕಿತು. ಇಷ್ಟು ನೀರನ್ನು ತಡೆದು ನಿಲ್ಲಿಸಿದ ಏರಿಯಲ್ಲೂ ಬೇಕಾದಷ್ಟೇ ನೀರು ಬಿಡುವ ಒಂದು ಕಿಂಡಿ! ಮರುದಿನ ಬೀರೂರು ದಾಟಿ ಅಜ್ಜಂಪುರಕ್ಕೆ ಹೋದೆ. ಅಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ಸುರಂಗವಿದೆ, ಉದ್ದ ಸುಮಾರು 7 ಕಿಲೋಮೀಟರ್. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ತಡೆದ ಭದ್ರೆಯ ನೀರನ್ನು ಎರಡು ಹಂತದಲ್ಲಿ ಮೇಲೆತ್ತಿ ಈ ಸುರಂಗದ ಮೂಲಕ ಪೂರ್ವದ ಬಯಲುಸೀಮೆಗೆ ಹರಿಸುತ್ತಾರೆ. ಸಿಡಿಮದ್ದಿನಿಂದ ಬಂಡೆ ಒಡೆಯುವ ಕಡೆಯಲ್ಲೂ ಮೊದಲ ಕೆಲಸ ತೂತು ಕೊರೆಯುವುದೇ; ಅಲ್ಲೂ ಅದೇ ಏಟು, ಅದೇ ತಿರುವು. ವೇದಾವತಿಯ ಮೇಲಿನ ವಾಣಿವಿಲಾಸ ಸಾಗರಕ್ಕೂ ಈ ಭದ್ರೆಯ ನೀರು ಸೇರುತ್ತದೆ. 1933ರ ನಂತರ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

ಎಮ್ಮೆದೊಡ್ಡಿಯ ಆ ಹುಡುಗನ ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಗಿತ್ತು. ಮೂಗಿಗೆ ಒಂದು ಟವೆಲ್ಲು ಸುತ್ತಿಕೊಂಡಿದ್ದ, ಅಷ್ಟೇ. ಕಾಂಕ್ರೀಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಹಾಳುಮಾಡುತ್ತದೆ. ಆ ಸಣ್ಣ ಕಣವನ್ನು ಟವೆಲ್ಲು ತಡೆಯುವುದಿಲ್ಲ. ಮನೆ ಕಟ್ಟಿಸುವವರೇ, ಪೈಪು ಹೋಗುವ ಜಾಗದಲ್ಲಿ ಕಾಂಕ್ರೀಟು ಹಾಕುವ ಮೊದಲೇ ಒಂದು ಪೈಪಿನ ತುಂಡು ಇಡಿಸಿ. ಕೊರೆಯಲೇಬೇಕಾಗಿ ಬಂದರೆ, ಕೊರೆಯುವವನಿಗೆ ಒಂದು ಒಳ್ಳೆಯ ಮಾಸ್ಕು ತಂದುಕೊಡಿ.